ಮೈಸೂರು ರೈಲ್ವೆ ಮ್ಯೂಸಿಯಂ: ಜೊತೆಗೊಬ್ಬ ಕೀಮ್ಯಾನ್ ಇದ್ದರೆ

ಮೈಸೂರಿನ ರೈಲ್ವೆ ಮ್ಯೂಸಿಯಂಗೆ ನಾನು ಹೋಗಿದ್ದು ಇದು ಮೂರನೇ ಸಲ. ಮೊದಲನೇ ಸಲ ಹೈಸ್ಕೂಲ್ ಟೂರಿನಲ್ಲಿ. ಅರಮನೆ ಆಯ್ತು, ಇನ್ನು ಝೂ ನೋಡಬೇಕು, ಮಧ್ಯೆ ಇದಕ್ಕೆ ಇಪ್ಪತ್ತು ನಿಮಿಷ ಅಂತ ಮೇಷ್ಟ್ರು ವಿಷಲ್ ಊದಿದ್ದರು. ಎರಡನೇ ಸಲ ಮದುವೆಯಾದ ಹೊಸದರಲ್ಲಿ, ಇಂಜಿನ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳೋಕೆ. ಎರಡು ಸಲವೂ ಏನು ನೋಡಿದೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಸಲ ಮೂರು ಗಂಟೆ ಒಳಗಿದ್ದೆವು. ಅದಕ್ಕೆ ಕಾರಣ ನಮ್ಮಪ್ಪ.

ಅಪ್ಪ 1974ರಲ್ಲಿ ಗ್ಯಾಂಗ್‌ಮನ್ ಆಗಿ, ಅಂದರೆ ಲೈನ್ ರಿಪೇರಿ ತಂಡದ ಕೆಲಸಗಾರರಾಗಿ, ರೈಲ್ವೆಗೆ ಸೇರಿದವರು. ಆಮೇಲೆ ಕೀಮ್ಯಾನ್ ಆದರು. ಮೈಸೂರು–ಅರಸೀಕೆರೆ ಲೈನಿನಲ್ಲಿ ಹೊಳೆನರಸೀಪುರದ ಆಚೀಚೆ ಅವರ ಕೆಲಸ. ದಿನಾ ಬೆಳಿಗ್ಗೆ ಸುತ್ತಿಗೆ, ಸ್ಪ್ಯಾನರ್, ಕೆಂಪು–ಹಸಿರು ಬಾವುಟ ಹೆಗಲಿಗೆ ಹಾಕಿಕೊಂಡು ಕಂಬಿ ಮೇಲೆ ಕಿಲೋಮೀಟರುಗಟ್ಟಲೆ ನಡೆಯೋದು. ಕಂಬಿಯನ್ನು ಬಿಗಿಯಾಗಿ ಹಿಡಿದಿಡುವ ಕೀ ಸಡಿಲವಾಗಿದ್ದರೆ ಹೊಡೆಯೋದು, ಎರಡು ಕಂಬಿ ಜೋಡಿಸುವ ಫಿಷ್‌ಪ್ಲೇಟಿನ ಬೋಲ್ಟು ಬಿಗಿ ಮಾಡೋದು, ವಾಪಸ್ ನಡೆಯೋದು. ರಿಟೈರ್ ಆದ ಮೇಲೂ ಅವರಿಗೆ ನೆಲ ನೋಡಿಕೊಂಡೇ ನಡೆಯುವ ಅಭ್ಯಾಸ. ರಸ್ತೆಯಲ್ಲಿ ನಟ್ಟು, ಬೋಲ್ಟು ಬಿದ್ದಿದ್ದರೆ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಅವರ ಅಂಗಿ ಒಗೆಯೋಕೆ ಹಾಕುವ ಮುಂಚೆ ಅಮ್ಮ ಜೇಬು ತಡವಿ ನೋಡೋದು ಅದಕ್ಕೇ.

ನಾವಿರುವುದು ಬೆಂಗಳೂರು. ಮಕ್ಕಳಿಗೆ ರಜ ಇತ್ತು. ಮಗಳಿಗೆ ಹನ್ನೊಂದು, ಮಗನಿಗೆ ಆರು. ನಾವು ನಾಲ್ಕು ಜನ ಬೆಂಗಳೂರಿನಿಂದ ಬರೋದು, ಅಪ್ಪ ಅಮ್ಮ ಹೊಳೆನರಸೀಪುರದಿಂದ ಬರೋದು, ಮೈಸೂರು ಸ್ಟೇಷನ್ನಿನಲ್ಲಿ ಸೇರೋದು ಅಂತ ಮಾತಾಯ್ತು. "ರೈಲ್ವೆಯ ಫ್ರೀ ಪಾಸ್ ಇದೆಯಲ್ಲ ಅಪ್ಪ, ಅದರಲ್ಲೇ ಬನ್ನಿ" ಅಂದೆ. "ಅದನ್ನ ಮೈಸೂರಿಗೆಲ್ಲ ಕರ್ಚು ಮಾಡ್ತಾರಾ? ಕಾಶಿಗೆ ಅಂತ ಮಡಗಿವ್ನಿ" ಅಂದರು. ಹತ್ತು ವರ್ಷದಿಂದ ಆ ಪಾಸು ಕಾಶಿಗೇ ಹೊರಟಿದೆ. ಇನ್ನೂ ತಲುಪಿಲ್ಲ.

ಮ್ಯೂಸಿಯಂ ಇರುವುದು ಸ್ಟೇಷನ್ ಪಕ್ಕದಲ್ಲೇ, ಕೆಆರ್‌ಎಸ್ ರಸ್ತೆಯಲ್ಲಿ, ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎದುರು. ರೈಲಿನಲ್ಲಿ ಬಂದವರು ನಡೆದೇ ಹೋಗಬಹುದು. ಇದು ಗೊತ್ತಿಲ್ಲದೆ ನಮ್ಮನೆಯವರು ಒಂದು ಆಟೋ ಕೇಳಿದರು. ಆತ ಮುಖ ನೋಡಿ ಇನ್ನೂರು ರೂಪಾಯಿ ಅಂದ. ಅಪ್ಪ ಏನೂ ಮಾತಾಡದೆ ನಡೆಯೋಕೆ ಶುರು ಮಾಡಿದರು, ನಾವೂ ಹಿಂದೆ ಹೊರಟೆವು. ಮಕ್ಕಳ ಹೆಜ್ಜೆಯಲ್ಲೂ ಹತ್ತು ನಿಮಿಷದ ದಾರಿ ಅಷ್ಟೇ.

ಭಾರತೀಯ ರೈಲ್ವೆ ಇದನ್ನು ಶುರು ಮಾಡಿದ್ದು 1979ರಲ್ಲಿ. ದೆಹಲಿಯ ಮ್ಯೂಸಿಯಂ ಬಿಟ್ಟರೆ ದೇಶದಲ್ಲಿ ಇಂಥದ್ದು ಇದೇ ಎರಡನೆಯದಾಗಿತ್ತು. ದೆಹಲಿಯಷ್ಟು ದೊಡ್ಡದು ಅಂದುಕೊಂಡು ಹೋಗಬೇಡಿ. ಇದು ಮರದ ನೆರಳು, ಹುಲ್ಲುಹಾಸು ಇರುವ ತೋಟದೊಳಗೆ ಇಂಜಿನ್ನು, ಬೋಗಿಗಳನ್ನು ತಂದು ನಿಲ್ಲಿಸಿದ ಹಾಗಿದೆ. ನನಗಂತೂ ಇದೇ ಇಷ್ಟ. ದೊಡ್ಡ ಮ್ಯೂಸಿಯಂನಲ್ಲಿ ಮಕ್ಕಳು ಅರ್ಧಕ್ಕೇ ಸುಸ್ತಾಗಿ "ಮನೆಗೆ ಹೋಗೋಣ" ಅಂತ ರಾಗ ತೆಗೆಯುತ್ತಾರೆ. ಇಲ್ಲಿ ಬೆಂಚಿನ ಮೇಲೆ ಕೂತೇ ಅರ್ಧ ಮ್ಯೂಸಿಯಂ ನೋಡಬಹುದು.

ಒಳಗೆ ಹೋದ ತಕ್ಷಣ ಅಪ್ಪ ಇಂಜಿನ್ ಕಡೆ ತಲೆ ಎತ್ತಲಿಲ್ಲ. ಬಗ್ಗಿ, ಕೈಯಲ್ಲಿದ್ದ ಊರುಗೋಲನ್ನು ಎರಡು ಕಂಬಿಯ ಮಧ್ಯೆ ಅಡ್ಡ ಹಿಡಿದರು. ಕೋಲು ಒಂದಿಷ್ಟೇ ಕಮ್ಮಿ ಬಿತ್ತು. "ಮೀಟರ್‌ಗೇಜು" ಅಂದರು. ಹಳೇ ಸ್ನೇಹಿತ ಸಿಕ್ಕರೆ ಹೆಸರು ಹಿಡಿದು ಕರೀತಾರಲ್ಲ, ಆ ಥರ.

ಮಗಳಿಗೆ ಅಳತೆ ಬೇಕಾಯ್ತು. ಮೀಟರ್‌ಗೇಜ್ ಅಂದರೆ ಕಂಬಿಗಳ ನಡುವೆ ಸರಿಯಾಗಿ 1000 ಮಿಲಿಮೀಟರ್. ನಾವು ಬೆಳಿಗ್ಗೆ ಬಂದ ರೈಲು ಬ್ರಾಡ್‌ಗೇಜ್, 1676 ಮಿಲಿಮೀಟರ್. ಅವಳು ಕಳೆದು, 676 ಮಿಲಿಮೀಟರ್ ಜಾಸ್ತಿ ಅಂದಳು. "ಹೂಂ ಪುಟ್ಟಿ, ಆ ಒಂದೆರಡು ಅಡಿ ಜಾಸ್ತಿ ಮಾಡಕ್ಕೆ ನಮ್ಮ ಬೆನ್ನು ಬಿದ್ದೋಯ್ತು" ಅಂದರು ಅಪ್ಪ. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಲೈನು ಬ್ರಾಡ್‌ಗೇಜ್ ಆದಾಗ ಹಳೇ ಕಂಬಿ ಕಿತ್ತವರಲ್ಲಿ ಅಪ್ಪನೂ ಒಬ್ಬರು. ಇಪ್ಪತ್ತು ವರ್ಷ ದಿನಾ ಸವರಿಕೊಂಡು ಬಂದ ಲೈನನ್ನು ಅದೇ ಸುತ್ತಿಗೆಯಲ್ಲಿ ಬಿಚ್ಚಿದ್ದು. ಈ ವಿಷಯ ನನಗೆ ಗೊತ್ತಿತ್ತು. ಆದರೆ ಅಪ್ಪ ಯಾವತ್ತೂ ಕೂತು ಹೇಳಿರಲಿಲ್ಲ. ಅವತ್ತೂ ಅಷ್ಟೇ ಹೇಳಿದ್ದು. ಆಮೇಲೆ ಕೋಲು ಊರಿಕೊಂಡು ಮುಂದೆ ಹೋದರು.

ಇಂಜಿನ್‌ಗಳ ವಿಷಯಕ್ಕೆ ಬರೋಣ. ನಮ್ಮ ಹುಡುಗನಿಗೆ ಹಿಡಿಸಿದ್ದು ಇಎಸ್ 506 ಅನ್ನುವ ಉಗಿ ಇಂಜಿನ್. ಇದನ್ನು 4-6-2 ಇಂಜಿನ್ ಅನ್ನುತ್ತಾರೆ. ಮುಂದೆ ನಾಲ್ಕು ಚಿಕ್ಕ ಗಾಲಿ, ಮಧ್ಯೆ ಆರು ದೊಡ್ಡ ಗಾಲಿ, ಹಿಂದೆ ಎರಡು. ಇಂಜಿನ್ ಎಳೆಯುವುದು ಮಧ್ಯದ ಆರು. ಉಳಿದವು ಭಾರ ಹೊರೋಕೆ, ತಿರುವಿನಲ್ಲಿ ದಾರಿ ಹಿಡಿಸೋಕೆ. ಮಗ ಒಂದು ಪಕ್ಕ ನಿಂತು ಎಣಿಸಿದ: ಎರಡು, ಮೂರು, ಒಂದು. "ಆರೇ ಇದೆ, ಸುಳ್ಳು ಬರೆದಿದಾರೆ" ಅಂದ. ಆಚೆ ಪಕ್ಕಕ್ಕೂ ಓಡಿಹೋಗಿ ಎಣಿಸಿ ಬಂದ ಮೇಲೆಯೇ ಸಮಾಧಾನ ಆಗಿದ್ದು.

ಉಗಿ ಇಂಜಿನ್ ಹೇಗೆ ಓಡುತ್ತೆ ಅಂತ ಮಗಳು ಕೇಳಿದಾಗ ನಾನು ಕುಕ್ಕರ್ ಉದಾಹರಣೆ ಕೊಟ್ಟು ತಪ್ಪಿಸಿಕೊಳ್ಳೋಣ ಅಂದುಕೊಂಡೆ. ಅಪ್ಪ ಬಿಡಲಿಲ್ಲ. ಅವರು ಇಂಜಿನ್ ಡಿಪಾರ್ಟ್‌ಮೆಂಟಿನವರಲ್ಲ, ಆದರೂ ವರ್ಷಗಟ್ಟಲೆ ಲೈನ್ ಪಕ್ಕ ನಿಂತು ನೋಡಿದವರು. ಒಲೆಯಲ್ಲಿ ಕಲ್ಲಿದ್ದಲು ಉರಿಯುತ್ತೆ. ಆ ಬಿಸಿ ಗಾಳಿ ಬಾಯ್ಲರ್ ಒಳಗಿನ ಕೊಳವೆಗಳಲ್ಲಿ ಹಾದು ಸುತ್ತಲಿನ ನೀರನ್ನು ಕಾಯಿಸುತ್ತೆ. ಉಗಿ ಪಿಸ್ಟನ್ ದಬ್ಬುತ್ತೆ, ಪಿಸ್ಟನ್ ಗಾಲಿ ತಿರುಗಿಸುತ್ತೆ. ಕೆಲಸ ಮುಗಿಸಿದ ಉಗಿ ಸುಮ್ನೆ ಹೋಗಲ್ಲ, ಹೊಗೆಗೂಡಿನ ಮೂಲಕ ನುಗ್ಗಿ ಹೋಗುವಾಗ ಹೊಗೆಯನ್ನೂ ಎಳೆದುಕೊಂಡು ಹೋಗುತ್ತೆ. ಅದರಿಂದ ಒಲೆಗೆ ಗಾಳಿ ಜಾಸ್ತಿ ಸಿಗುತ್ತೆ. ಚುಕ್ ಚುಕ್ ಅನ್ನೋದು ಆ ಉಗಿ ಹೊರಗೆ ಬೀಳುವ ಸದ್ದು. "ಏರು ಹತ್ತುವಾಗ ಒಂದೊಂದು ಚುಕ್ಕಿಗೂ ಉಸ್ಸಪ್ಪಾ ಅಂತಿತ್ತು. ಸದ್ದಿನ ಮೇಲೇ ನಾವು ಹೇಳ್ತಿದ್ವಿ, ಇವತ್ತು ಲೋಡ್ ಜಾಸ್ತಿ ಅಂತ."

ಇಲ್ಲಿ ಅಮ್ಮ ಬಾಯಿ ಹಾಕಿದರು. "ಅದರ ಕೆಂಡದ ಇದ್ಲು ಆಯ್ಕೊಂಡು ಬಂದು ನಿಮ್ಮಮ್ಮನ ಯೂನಿಫಾರಂ ಇಸ್ತ್ರಿ ಮಾಡ್ತಿದ್ದೆ ಕಣೆ ನಾನು." ಇದು ನಿಜ. ಇಂಜಿನ್ನಿಂದ ಉದುರಿದ ಅರೆಬೆಂದ ಕಲ್ಲಿದ್ದಲನ್ನು ಲೈನ್ ಪಕ್ಕದ ಮನೆಯವರೆಲ್ಲ ಬುಟ್ಟಿ ಹಿಡಿದು ಆಯ್ದು ತರುತ್ತಿದ್ದರು. ನನ್ನ ನೀಲಿ ಲಂಗಕ್ಕೆ ಬಿದ್ದಿದ್ದ ಕಿಡಿಯ ತೂತು ನನಗೆ ಇನ್ನೂ ನೆನಪಿದೆ.

ಮಹಾರಾಣಿಯವರ ಸಲೂನ್ ಗಾಡಿ, ಅಂದರೆ ಅವರ ಖಾಸಗಿ ಬೋಗಿ, ಈ ಮ್ಯೂಸಿಯಂನ ಮುಖ್ಯ ಆಕರ್ಷಣೆ. ಮೈಸೂರಿನ ಅರಸು ಮನೆತನದ ಎರಡು ಗಾಡಿಗಳು ಶ್ರೀರಂಗ ಪೆವಿಲಿಯನ್‌ನಲ್ಲಿವೆ. ಮಹಾರಾಣಿ ಸಲೂನು 1899ರದ್ದು. ಆಗ ನಾಲ್ವಡಿಯವರು ಇನ್ನೂ ಹದಿನೈದರ ಹುಡುಗ. ತಂದೆ ಚಾಮರಾಜೇಂದ್ರ ಒಡೆಯರು 1894ರಲ್ಲಿ ತೀರಿಕೊಂಡಿದ್ದರಿಂದ ತಾಯಿ ವಾಣಿವಿಲಾಸ ಸನ್ನಿಧಾನದವರೇ ರೀಜೆಂಟ್ ಆಗಿ ರಾಜ್ಯ ನೋಡಿಕೊಳ್ಳುತ್ತಿದ್ದ ಕಾಲ ಅದು. ಬೋರ್ಡಿನ ಮೇಲೆ ಇಸವಿ ನೋಡುವಾಗ ಇದು ತಲೆಯಲ್ಲಿದ್ದರೆ ನೋಟವೇ ಬೇರೆ.

ಗಾಡಿಯೊಳಗೆ ಅಡುಗೆಮನೆ, ಊಟದ ಜಾಗ, ಕಕ್ಕಸು ಎಲ್ಲ ಇದೆ. ಅಮ್ಮ ಇಣುಕಿ ನೋಡುತ್ತಾ ನಿಂತವರು ಎಷ್ಟು ಕರೆದರೂ ಬರಲಿಲ್ಲ. ಅವರ ಪ್ರಶ್ನೆ ಒಂದೇ: ಓಡುವ ಗಾಡಿಯಲ್ಲಿ ಸಾರು ಚೆಲ್ಲದ ಹಾಗೆ ಹೇಗೆ ಮಾಡುತ್ತಿದ್ದರು? ಅಪ್ಪನ ಉತ್ತರ: "ಸಾರು ಚೆಲ್ಲಬಾರದು ಅಂತಲೇ ನಾವು ಕೆಳಗೆ ಜಲ್ಲಿ ಹೊಡೀತಿದ್ದಿದ್ದು." ಕಂಬಿಯ ಅಡಿಯ ಅಡ್ಡ ತೊಲೆ, ಅಂದರೆ ಸ್ಲೀಪರ್ ಕೆಳಗೆ ಜಲ್ಲಿ ಸಮನಾಗಿ ತುಂಬದಿದ್ದರೆ ಗಾಡಿ ಕುಲುಕುತ್ತೆ ಅಂತ ಅವರ ಲೆಕ್ಕ.

ನನಗೆ ಆ ಕಕ್ಕಸು ನೋಡಿ ಬೇರೇನೋ ನೆನಪಾಯ್ತು. 1909ರಲ್ಲಿ ಬಂಗಾಳದ ಕಡೆ ಓಖಿಲ್ ಚಂದ್ರ ಸೇನ್ ಅನ್ನುವ ಪ್ರಯಾಣಿಕರು ರೈಲ್ವೆಗೆ ಒಂದು ಕಾಗದ ಬರೆದಿದ್ದರು. ಹಲಸಿನ ಹಣ್ಣು ಜಾಸ್ತಿ ತಿಂದು ಹೊಟ್ಟೆ ಕೆಟ್ಟು, ಸ್ಟೇಷನ್ನಿನಲ್ಲಿ ಇಳಿದು ಹೋದಾಗ ಗಾರ್ಡ್ ವಿಷಲ್ ಊದಿ ರೈಲು ಬಿಟ್ಟುಬಿಟ್ಟ ಅಂತ ದೂರು. ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದು ಓಡಿ ಬಿದ್ದರಂತೆ. ಕೆಳದರ್ಜೆಯ ಬೋಗಿಗಳಿಗೆ ಕಕ್ಕಸು ಬಂದದ್ದು ಆ ಕಾಗದದ ಮೇಲೆ ಅಂತ ಹೇಳುತ್ತಾರೆ. ಆ ಕಾಗದಕ್ಕಿಂತ ಹತ್ತು ವರ್ಷ ಮುಂಚೆಯೇ ಮೈಸೂರಿನಲ್ಲಿ ಇಂಥ ಗಾಡಿ ಇತ್ತು. ಮಕ್ಕಳಿಗೆ ಈ ಕಥೆ ಹೇಳಿದೆ. ಆಮೇಲೆ ಇಬ್ಬರೂ ಸಲೂನಿನ ಬೇರೆ ಯಾವುದನ್ನೂ ನೋಡಲಿಲ್ಲ. ಆ ಕಡೆಗೇ ಬೆರಳು ತೋರಿಸಿ ನಗುತ್ತಿದ್ದರು. ಹೇಳಬಾರದಿತ್ತೇನೋ.

ಆಸ್ಟಿನ್ ಕಾರನ್ನು ಮಾತ್ರ ಬಿಡಬೇಡಿ. 1925ರ ಆಸುಪಾಸಿನದು. ರಸ್ತೆಯ ಕಾರೇ, ಆದರೆ ಟೈರಿನ ಜಾಗದಲ್ಲಿ ರೈಲಿನ ಕಬ್ಬಿಣದ ಗಾಲಿ. "ಇದಕ್ಕೆ ಸ್ಟೀರಿಂಗ್ ಬೇಕಾ ತಾತ?" ಅಂದ ಮಗ. "ಯಾಕ್ ಕೂಸೆ? ಕಂಬಿ ಎತ್ತ ಕರ್ಕೊಂಡೋದ್ರೆ ಅತ್ತ." ಅಲ್ಲಿಂದ ಅಪ್ಪನಿಗೆ ಟ್ರಾಲಿ ನೆನಪಾಯ್ತು. ಪಿಡಬ್ಲ್ಯುಐ, ಅಂದರೆ ಲೈನಿನ ಉಸ್ತುವಾರಿ ಇನ್‌ಸ್ಪೆಕ್ಟರ್ ಸಾಹೇಬರು ಲೈನ್ ನೋಡೋಕೆ ಬರುತ್ತಿದ್ದುದು ತಳ್ಳುವ ಟ್ರಾಲಿಯಲ್ಲಿ. ಮೇಲೆ ದೊಡ್ಡ ಛತ್ರಿ, ಬೆಂಚಿನ ಮೇಲೆ ಸಾಹೇಬರು. ಹಿಂದೆ ಇಬ್ಬರು ಟ್ರಾಲಿಮನ್‌ಗಳು ಕಂಬಿಯ ಮೇಲೇ ಓಡುತ್ತಾ ತಳ್ಳಬೇಕು. ಬರಿಗಾಲು, ಬೇಸಿಗೆಯಲ್ಲಿ ಕಾದ ಕಬ್ಬಿಣ. ಇಳಿಜಾರು ಬಂದಾಗ ಹಾರಿ ಕೂತುಕೊಳ್ಳೋದು. ಮಗ ಅಲ್ಲೇ ಹಾಸುಗಲ್ಲಿನ ಅಂಚಿನ ಮೇಲೆ ಓಡಿ ನೋಡಿದ. ನಾಲ್ಕು ಹೆಜ್ಜೆಗೆ ಜಾರಿ ಮೊಣಕಾಲು ತರಚಿಕೊಂಡ. ನನ್ನ ಬ್ಯಾಗಿನಲ್ಲಿ ಬ್ಯಾಂಡೇಜ್ ಇತ್ತು. ಟೋಪಿ ಮಾತ್ರ ಮನೆಯಲ್ಲೇ ಮರೆತು ಬಂದಿದ್ದೆ.

ಈ ಮ್ಯೂಸಿಯಂನಲ್ಲಿ ಸಿಗ್ನಲ್ಲು, ಲ್ಯಾಂಪುಗಳನ್ನೂ ಇಟ್ಟಿದ್ದಾರೆ. ಜನ ಇವುಗಳ ಮುಂದೆ ನಿಲ್ಲುವುದು ಕಮ್ಮಿ. ನಾವು ಅರ್ಧ ಗಂಟೆ ನಿಂತೆವು, ನನಗೆ ಇಡೀ ದಿನದಲ್ಲಿ ಜಾಸ್ತಿ ಖುಷಿ ಕೊಟ್ಟದ್ದೂ ಇದೇ. ಹಳೇ ಕೈಮರ ಸಿಗ್ನಲ್ ಗೊತ್ತಲ್ಲ, ಕೈ ಅಡ್ಡ ಇದ್ದರೆ ನಿಲ್ಲು, ಕೆಳಕ್ಕೆ ಬಾಗಿದರೆ ಹೋಗು. ಕ್ಯಾಬಿನ್ನಿನ ಲಿವರ್ ಎಳೆದರೆ ದೂರದವರೆಗೂ ತಂತಿ ಎಳೆದು ಕೈ ಬಾಗುತ್ತೆ. ಮಧ್ಯಾಹ್ನದ ಬಿಸಿಲಿಗೆ ತಂತಿ ಹಿಗ್ಗಿದರೆ ಕೈ ಪೂರ್ತಿ ಬಾಗಲ್ಲ, ಆಗ ತಂತಿ ಬಿಗಿ ಮಾಡಬೇಕು. ತಂತಿ ಕಡಿದೇ ಹೋದರೆ? ಮಗಳ ಪ್ರಶ್ನೆ. ಕಡಿದರೆ ಭಾರದ ಗುಂಡು ಇಳಿದು ಕೈ ತಾನಾಗೇ ಅಡ್ಡ ನಿಲ್ಲುತ್ತೆ. ಅಂದರೆ ಕೆಟ್ಟರೂ ರೈಲು ನಿಲ್ಲಿಸಿಯೇ ಕೆಡುತ್ತೆ. ಅವಳಿಗೆ ಇದು ಬಹಳ ಹಿಡಿಸಿತು, ವಾಪಸ್ ಬರುವಾಗ ರೈಲಿನಲ್ಲಿ ಪಕ್ಕದ ಸೀಟಿನವರಿಗೂ ವಿವರಿಸಿದಳು.

ರಾತ್ರಿಯ ದೀಪದ್ದು ಇನ್ನೊಂದು ಗುಟ್ಟು. ಸಿಗ್ನಲ್ ಕಂಬದ ಮೇಲೆ ಇರುತ್ತಿದ್ದುದು ಒಂದೇ ಸೀಮೆಎಣ್ಣೆ ದೀಪ. ಕೈ ಆಡಿದಂತೆ ಅದರ ಮುಂದೆ ಕೆಂಪು ಗಾಜೋ ಇನ್ನೊಂದು ಗಾಜೋ ಬರುತ್ತೆ. ಆ ಇನ್ನೊಂದು ಗಾಜು ಹಸಿರಲ್ಲ. ನೀಲಿ ಕಡೆಗೆ ವಾಲಿದ ಬಣ್ಣ. ಸೀಮೆಎಣ್ಣೆಯ ಉರಿ ಹಳದಿ. ನೀಲಿಯ ಹಿಂದೆ ಹಳದಿ ಬಂದರೆ ದೂರಕ್ಕೆ ಕಾಣುವುದು ಹಸಿರು. ಇಷ್ಟು ವರ್ಷ ಲೈನ್ ಪಕ್ಕದ ಮನೆಯಲ್ಲೇ ಬೆಳೆದ ನನಗೇ ಇದು ಗೊತ್ತಿರಲಿಲ್ಲ. "ನೀನು ಕೇಳಿದ್ದು ಯಾವಾಗ?" ಅಂದರು ಅಪ್ಪ. ಸರಿಯೇ.

ಪಟಾಕಿ ವಿಷಯವೂ ಬಂತು. ಕಂಬಿ ಮುರಿದದ್ದೋ ಮಣ್ಣು ಕುಸಿದದ್ದೋ ಕಂಡರೆ ಬರುವ ರೈಲಿನ ದಿಕ್ಕಿಗೆ ಬಾವುಟ ಹಿಡಿದು ಓಡಬೇಕು. ದೂರ ಹೋಗಿ ಕಂಬಿಯ ಮೇಲೆ ಡಿಟೊನೇಟರ್ ಕಟ್ಟಬೇಕು, ಮೂರು, ಹತ್ತತ್ತು ಮೀಟರಿಗೊಂದು. ಗಾಲಿ ಹತ್ತಿದರೆ ಢಂ ಅಂತ ಸಿಡಿಯುತ್ತೆ, ಡ್ರೈವರ್ ಬ್ರೇಕ್ ಹಾಕುತ್ತಾನೆ. ರೈಲ್ವೆಯವರ ಬಾಯಲ್ಲಿ ಅದಕ್ಕೆ ಪಟಾಕಿ ಅಂತಲೇ ಹೆಸರು. ಅಪ್ಪ ಸರ್ವಿಸ್ಸಿನಲ್ಲಿ ಎಷ್ಟು ಸಲ ಕಟ್ಟಿದ್ದರು ಅಂತ ಮಗ ಕೇಳಿದ. "ಎರಡೇ ಸಲ. ಎರಡು ಸಲವೂ ಮಳೆಗಾಲ" ಅಂದರು. ಮುಂದೆ ಹೇಳುತ್ತಾರೇನೋ ಅಂತ ಕಾದೆ. ಹೇಳಲಿಲ್ಲ, ನೀರು ಕೇಳಿದರು.

ಚಾಮುಂಡಿ ಗ್ಯಾಲರಿಯಲ್ಲಿ ರೈಲ್ವೆ ಬೆಳೆದು ಬಂದ ಬಗೆಯ ಚಿತ್ರ, ಫೋಟೊಗಳಿವೆ. ಮಕ್ಕಳು ಇಲ್ಲಿ ಸರಸರ ಓಡುತ್ತಾರೆ, ನೀವು ಸ್ವಲ್ಪ ನಿಧಾನ ಮಾಡಿ. ಬೆಂಗಳೂರು–ಮೈಸೂರು ಲೈನಿನ ಹಿಂದೆ 1876ರಿಂದ 78ರವರೆಗಿನ ಭೀಕರ ಬರ ಇದೆ ಅಂತ ತಿಳಿದುಕೊಂಡು ನೋಡಿದರೆ ಒಳ್ಳೆಯದು. ಬರದಲ್ಲಿ ನೊಂದವರಿಗೆ ಕೂಲಿ ಸಿಗಲಿ, ಮುಂದೆ ಬರ ಬಂದರೆ ಧಾನ್ಯ ಬೇಗ ತಲುಪಲಿ ಅಂತ ಲೈನ್ ಹಾಕಿಸಿದ್ದು. 1882ರಲ್ಲಿ ಮೈಸೂರಿಗೆ ರೈಲು ಬಂತು, ಮೀಟರ್‌ಗೇಜಿನಲ್ಲೇ. ನಮ್ಮಪ್ಪನ ಅರಸೀಕೆರೆ ಲೈನು ಬಂದದ್ದು ಅದಾದ ಮೂವತ್ತಾರು ವರ್ಷಕ್ಕೆ, 1918ರಲ್ಲಿ.

ಕೊನೆಗೆ ಮಕ್ಕಳ ರೈಲು. ಬ್ಯಾಟರಿಯಲ್ಲಿ ಓಡುವ ಪುಟಾಣಿ ಗಾಡಿ, ಅಂಗಳದೊಳಗೇ ಒಂದು ಸುತ್ತು. ಬಂದಾಗಿನಿಂದ ನಮ್ಮ ಹುಡುಗನ ಕಣ್ಣು ಅದರ ಮೇಲೇ ಇತ್ತು. ತಾತನೂ ಬರಬೇಕು ಅಂತ ಹಠ. "ನಾನು ಅದರಲ್ಲಿ ಕೂತ್ರೆ ನಗ್ತಾರೆ ಬುಡು" ಅಂದರು. ಬಿಡಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ ಮೊಣಕಾಲು ಎದೆಗೆ ಒತ್ತಿಕೊಂಡು, ಊರುಗೋಲು ಮೇಲಕ್ಕೆ ಹಿಡಿದು ಕೂತರು. ಗಾಡಿ ಹೊರಟಿತು. ಎಲ್ಲರ ಅಪ್ಪ ಅಮ್ಮಂದಿರು ಕೈ ಬೀಸುತ್ತಿದ್ದರು, ನಾವೂ ಬೀಸಿದೆವು. ಮಗ ಬೀಸಿದ. ಅಪ್ಪ ನಮ್ಮ ಕಡೆ ನೋಡಲೇ ಇಲ್ಲ. ಪಕ್ಕಕ್ಕೆ ಬಗ್ಗಿ ಕಂಬಿ ನೋಡುತ್ತಿದ್ದರು. ಸುತ್ತು ಮುಗಿಸಿ ಇಳಿದವರೇ ನನಗೆ ರಿಪೋರ್ಟ್ ಕೊಟ್ಟರು: "ಪುಟ್ಟ ಲೈನಾದ್ರೂ ಚೆನ್ನಾಗಿ ಮಡಗವ್ರೆ. ಎಲ್ಲೂ ಸಡಿಲ ಇಲ್ಲ." ಮ್ಯೂಸಿಯಂನವರು ಇದನ್ನು ಬೋರ್ಡ್ ಬರೆಸಿ ಹಾಕಿಕೊಳ್ಳಬಹುದು. ಅಪ್ಪ ಸುಲಭಕ್ಕೆ ಯಾರ ಕೆಲಸವನ್ನೂ ಹೊಗಳುವವರಲ್ಲ.

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆಯೇ ಹೋಗಿ. ಎಲ್ಲ ಕಬ್ಬಿಣ, ಬಿಸಿಲೇರಿದ ಮೇಲೆ ಮಕ್ಕಳು ಕೈ ಇಟ್ಟರೆ ಚುರ್ ಅನ್ನುತ್ತೆ. ಟೋಪಿ, ನೀರು, ಜಾರದ ಚಪ್ಪಲಿ. ವಾರದ ರಜ ಯಾವತ್ತು ಅಂತ ಮೊದಲೇ ವಿಚಾರಿಸಿಕೊಳ್ಳಿ. ಮುಖ್ಯವಾಗಿ, ನಿಮ್ಮ ಮನೆಯಲ್ಲಿ ಮೀಟರ್‌ಗೇಜ್ ಕಾಲದವರು ಯಾರಾದರೂ ಇದ್ದರೆ ಅವರನ್ನು ಬಿಟ್ಟು ಹೋಗಬೇಡಿ. ರೈಲ್ವೆಯಲ್ಲಿ ಕೆಲಸ ಮಾಡಿರಲೇಬೇಕು ಅಂತಿಲ್ಲ. ಮರದ ಬೆಂಚಿನ ಮೇಲೆ ಕೂತು ಕಣ್ಣಿಗೆ ಕಿಡಿ ಹಾರಿಸಿಕೊಂಡಿದ್ದರೂ ಸಾಕು. ಮಗಳು ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಳು. ಯಾಕೆ ಒಂದು ಕಮ್ಮಿ ಅಂದರೆ, ಇಎಸ್ 506 ಓಡಲಿಲ್ಲವಂತೆ.

ಊಟದ ವಿಷಯ ಮಾತ್ರ ಬೇಡ. ನಾನೇ ಫೋನಿನಲ್ಲಿ ಹುಡುಕಿ, ಅಲ್ಲಿಂದ ದೂರದ ಒಂದು ಹೋಟೆಲಿಗೆ ಕರೆದುಕೊಂಡು ಹೋದೆ. ಮುಕ್ಕಾಲು ಗಂಟೆ ಕಾದ ಮೇಲೆ ತಣ್ಣಗಿನ ಸೆಟ್ ದೋಸೆ ಬಂತು. ಸಾಗು ಬರಲೇ ಇಲ್ಲ, ಬಿಲ್ಲಿನಲ್ಲಿ ಬಂತು. ಅಮ್ಮ ದೋಸೆಯ ಒಂದು ಮೂಲೆ ಮುರಿದು ಬಾಯಿಗಿಟ್ಟು ತಟ್ಟೆ ಪಕ್ಕಕ್ಕೆ ಸರಿಸಿದರು. ಏನೂ ಅನ್ನಲಿಲ್ಲ.

ಸಂಜೆ ಅವರಿಬ್ಬರನ್ನೂ ಹೊಳೆನರಸೀಪುರದ ರೈಲು ಹತ್ತಿಸಿದೆವು. ಅಪ್ಪ ಕಿಟಕಿ ಪಕ್ಕ ಕೂತು ಆಗಲೇ ಕೆಳಗಿನ ಜಲ್ಲಿ ನೋಡುತ್ತಿದ್ದರು. ರೈಲು ಅಲುಗಿದ ಮೇಲೆ ಅಮ್ಮ ಕಿಟಕಿ ಸರಳಿನ ಸಂದಿಯಿಂದ ಕೈ ಹೊರಗೆ ಹಾಕಿ ಜೋರಾಗಿ ಕೂಗಿದರು, ಪ್ಲಾಟ್‌ಫಾರಂನವರೆಲ್ಲ ತಿರುಗಿ ನೋಡುವ ಹಾಗೆ: "ಇನ್ನೊಂದ್ ಸಲ ಬರೋದಾದ್ರೆ ಊಟ ನಾನೇ ಕಟ್ಕೊಂಡ್ ಬತ್ತೀನಿ!"